ಅಡ್ಡ ಮಣ್ಣು ತೆಗೆದರೆ ನೀರು ತಾನೇ ಹರಿಯುತ್ತದೆ

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು. ಬರೆಯುವಾಗ ಸ್ವಲ್ಪ ಸೇರಿಸಿದ್ದೇನೆ, ಸ್ವಲ್ಪ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ನಾನು ಒಳಗೆ ಬರುವಾಗ ಬಾಗಿಲಲ್ಲಿ ಇಬ್ಬರು ಹಿರಿಯರು ಚಪ್ಪಲಿ ಬಿಡುತ್ತಾ ಮಾತಾಡುತ್ತಿದ್ದರು. "ಕನ್ನಂಬಾಡಿ ಎಷ್ಟಾಯ್ತು ಇವತ್ತು?" "ಇನ್ನೂ ಎರಡಡಿ ಬೇಕು ಕಣಪ್ಪ." ನಮ್ಮ ಮಂಡ್ಯದಲ್ಲಿ ಈ ಮಾತು ಕೇಳದ ದಿನ ಇಲ್ಲ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿನ ನೀರಿನ ಮಟ್ಟ. 124.80 ಅಡಿ ತುಂಬಿತು ಅಂದರೆ ಊರಿಗೆ ಊರೇ ಹಗುರಾಗುತ್ತದೆ. ತೀರಾ ಇಳಿಯಿತು ಅಂದರೆ ಟೀ ಅಂಗಡಿಯಲ್ಲಿ ಮಾತೇ ಕಡಿಮೆಯಾಗುತ್ತದೆ. ನಾನು ಬೇರೆ ಎಲ್ಲಿಂದಲೋ ಶುರು ಮಾಡಬೇಕು ಅಂತ ಬರೆದುಕೊಂಡು ಬಂದಿದ್ದೆ. ಅವರ ಮಾತು ಕೇಳಿದ ಮೇಲೆ ಇಲ್ಲಿಂದಲೇ ಶುರು ಮಾಡೋಣ ಅನ್ನಿಸಿತು.

ಕನ್ನಂಬಾಡಿಗೆ ನೀರು ಎಲ್ಲಿಂದ ಬರಬೇಕು? ಕೊಡಗಿನಲ್ಲಿ, ಭಾಗಮಂಡಲದ ಕಡೆ ಮಳೆ ಹುಯ್ಯಬೇಕು. ಅಲ್ಲಿ ಮೋಡ ಕೈಕೊಟ್ಟರೆ ಇಲ್ಲಿ ನಮ್ಮ ಗದ್ದೆ ಬಿರುಕು ಬಿಡುತ್ತದೆ. ಮನಸ್ಸಿನ ಕಥೆಯೂ ಹೀಗೇ, ಅಲ್ವಾ? ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿದರೆ ಮಟ್ಟ ಏರುತ್ತದೆ. ಎರಡು ವಾರ ಮಾಡದಿದ್ದರೆ ಇಳಿಯುತ್ತದೆ. ಕಬ್ಬಿನ ದುಡ್ಡು ಬಂದರೆ ಏರುತ್ತದೆ, ಪಕ್ಕದ ಮನೆಯವರು ಮಾತು ಬಿಟ್ಟರೆ ಇಳಿಯುತ್ತದೆ. ಮಳೆ ಇನ್ನೆಲ್ಲೋ ಬೀಳಬೇಕು, ತುಂಬುವುದು ನಮ್ಮೊಳಗೆ.

ಗೀತೆಯ ಎರಡನೇ ಅಧ್ಯಾಯದ 70ನೇ ಶ್ಲೋಕದಲ್ಲಿ ಕೃಷ್ಣ ಇನ್ನೊಂದು ನೀರಿನ ಮಾತು ಹೇಳುತ್ತಾನೆ. "ಆಪೂರ್ಯಮಾಣಮಚಲಪ್ರತಿಷ್ಠಂ ಸಮುದ್ರಮಾಪಃ ಪ್ರವಿಶಂತಿ ಯದ್ವತ್." ಎಲ್ಲಾ ಕಡೆಯಿಂದ ನೀರು ಬಂದು ಸೇರುತ್ತಲೇ ಇದ್ದರೂ ಸಮುದ್ರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಬಯಕೆಗಳು ಯಾರೊಳಗೆ ಹಾಗೆ ಬಂದು ಸೇರುತ್ತವೋ ಅವನಿಗೆ ಶಾಂತಿ. ಬಯಕೆಗಳನ್ನೇ ಬಯಸುತ್ತಾ ಹೋಗುವವನಿಗೆ ಇಲ್ಲ. ಒಂದು ಸೂಕ್ಷ್ಮ ಗಮನಿಸಿ. ಬಯಕೆಯೇ ಬಾರದವನು ಅಂತ ಕೃಷ್ಣ ಹೇಳಲಿಲ್ಲ. ಬರುತ್ತವೆ, ಕಾವೇರಿ ಹರಿದು ಬಂದ ಹಾಗೆ ಬರುತ್ತವೆ. ಬಂದಾಗ ಈ ಮನುಷ್ಯ ಅಳತೆಕೋಲು ಹಿಡಿದು ನಿಲ್ಲುವುದಿಲ್ಲ, ಅಷ್ಟೇ. ಈ ಶ್ಲೋಕವನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದೆ. ಪದವಿಂಗಡಣೆ, ಅನ್ವಯ, ತಾತ್ಪರ್ಯ, ಎಲ್ಲಾ ಬೋರ್ಡಿನ ಮೇಲೆ ಬರೆದಿದ್ದೇನೆ.

ಅದೇ ಕಾಲದಲ್ಲಿ ನನ್ನ ಮನೆಯಲ್ಲಿ ಏನಾಗುತ್ತಿತ್ತು ಅಂತ ಹೇಳಬೇಕು. ಹೇಳದೆ ಇದ್ದರೆ ಮುಂದಿನ ಮಾತಿಗೆ ಬೆಲೆ ಇಲ್ಲ.

ನಮ್ಮೂರು ಕನ್ನಂಬಾಡಿಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದ್ದು. ಅಪ್ಪ ಹೋದ ಮೇಲೆ ಗದ್ದೆ ನನಗೂ ಅಣ್ಣನಿಗೂ ಭಾಗವಾಯಿತು. ನಡುವೆ ಒಂದು ಬದು. ಆ ಬದು ಒಂದು ವರ್ಷ ಎರಡಡಿ ನನ್ನ ಕಡೆ ಸರಿದಿದೆ ಅಂತ ನನಗೆ ಅನ್ನಿಸಿತು. ಸರಿದೇ ಇಲ್ಲ ಅಂತ ಅಣ್ಣ ಹೇಳಿದ. ಮಾತಿಗೆ ಮಾತು ಬೆಳೆಯಿತು. ಪಂಚಾಯ್ತಿ ಆಯಿತು, ಮುರಿಯಿತು. ಆಮೇಲೆ ಕೋರ್ಟು, ಆರು ವರ್ಷ. ಅಣ್ಣನ ಮಗಳ ಮದುವೆಗೆ ನಾನು ಹೋಗಲಿಲ್ಲ. ನನ್ನ ಹೆಂಡತಿ ಒಬ್ಬಳೇ ಹೋಗಿ ಮುಯ್ಯಿ ಕೊಟ್ಟು ಊಟ ಮಾಡದೆ ಬಂದಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಡ್ಡಾಗಿ ಕಣ್ಣು ಮುಚ್ಚಿದರೆ ಆ ಬದು ಕಾಣುತ್ತಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಗೀತೆಯ ಒಂದು ಅಧ್ಯಾಯ ಪಾರಾಯಣ ಮಾಡುತ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ.

ನೆಮ್ಮದಿ ಹುಡುಕಿ ಮೇಲುಕೋಟೆಗೂ ಹೋಗುತ್ತಿದ್ದೆ. ಮೆಟ್ಟಿಲು ಹತ್ತಿ ಯೋಗಾನರಸಿಂಹನ ದರ್ಶನ ಮಾಡಿ, ಹೊರಗೆ ಬಂಡೆಯ ಮೇಲೆ ಗಾಳಿಗೆ ಕೂತರೆ ಎಷ್ಟೋ ತಿಂಗಳ ಭಾರ ಇಳಿದ ಹಾಗೆ ಆಗುತ್ತಿತ್ತು. ಕೆಳಗೆ ಕಲ್ಯಾಣಿ ಕಾಣುತ್ತದೆ, ದೂರದಲ್ಲಿ ಹಸಿರು. ಆಹಾ ಅನ್ನಿಸುತ್ತಿತ್ತು. ಬೆಟ್ಟ ಇಳಿದು ಬಸ್ ಹತ್ತಿ ಪಾಂಡವಪುರ ಬರುವಷ್ಟರಲ್ಲಿ ಬದು ಮತ್ತೆ ಕಣ್ಣೆದುರು ಇರುತ್ತಿತ್ತು. ನಿಮ್ಮಲ್ಲಿ ಬಹಳ ಜನಕ್ಕೆ ಹೀಗಾಗಿರಬಹುದು. ಇದರಿಂದ ಕ್ಷೇತ್ರಕ್ಕೆ ಹೋಗುವುದು ವ್ಯರ್ಥ ಅಂತ ನಾನು ಹೇಳುವುದಿಲ್ಲ. ನಮ್ಮೊಳಗೆ ನೆಮ್ಮದಿ ಇನ್ನೂ ಬತ್ತಿಲ್ಲ ಅಂತ ಆ ಬೆಟ್ಟ ನನಗೆ ಪ್ರತಿ ಸಲ ತೋರಿಸಿ ಕಳಿಸುತ್ತಿತ್ತು. ಅರ್ಥ ಮಾಡಿಕೊಳ್ಳಲು ನನಗೆ ತಡವಾಯಿತು.

ಆ ದಿನಗಳಲ್ಲಿ ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯ ಮತ್ತೆ ಓದಿದೆ. ನಾರದರು ಸನತ್ಕುಮಾರರ ಹತ್ತಿರ ಬಂದು "ನನಗೆ ಕಲಿಸಿ" ಅನ್ನುತ್ತಾರೆ. "ನಿನಗೆ ಏನು ಗೊತ್ತಿದೆಯೋ ಅದನ್ನು ಮೊದಲು ಹೇಳು" ಅನ್ನುತ್ತಾರೆ ಸನತ್ಕುಮಾರರು. ನಾರದರು ಹೇಳುತ್ತಾರೆ. ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರ ವಿದ್ಯೆ, ಹಾವಿನ ವಿದ್ಯೆ. ಪಟ್ಟಿ ಉದ್ದ ಇದೆ. ಎಲ್ಲಾ ಹೇಳಿ ಮುಗಿಸಿ, "ಸೋಽಹಂ ಭಗವೋ ಮಂತ್ರವಿದೇವಾಸ್ಮಿ ನಾತ್ಮವಿತ್" ಅನ್ನುತ್ತಾರೆ. ನನಗೆ ಮಂತ್ರ ಗೊತ್ತು, ನಾನು ಯಾರು ಅಂತ ಗೊತ್ತಿಲ್ಲ. ತನ್ನನ್ನು ತಿಳಿದವನು ದುಃಖ ದಾಟುತ್ತಾನೆ ಅಂತ ನಿಮ್ಮಂಥವರಿಂದ ಕೇಳಿದ್ದೇನೆ. ನಾನೋ ದುಃಖದಲ್ಲಿದ್ದೇನೆ, ದಾಟಿಸಿ.

ಆ ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟು ಅತ್ತಿದ್ದೇನೆ. ನಾರದರಂಥವರೇ ಹೀಗೆ ಬಾಯಿಬಿಟ್ಟು ಹೇಳಿಕೊಂಡರು. ನನಗೆ ಹೇಳಿಕೊಳ್ಳುವ ಧೈರ್ಯ ಕೂಡ ಇರಲಿಲ್ಲ.

ಹಾಗಾದರೆ ದಾಟುವುದು ಹೇಗೆ? ಇಲ್ಲಿ ನನಗೆ ಕೈಹಿಡಿದದ್ದು ಪತಂಜಲಿಯ ಒಂದು ಪುಟ್ಟ ಮಾತು. ಯೋಗಸೂತ್ರದ ನಾಲ್ಕನೇ ಪಾದದ ಮೂರನೇ ಸೂತ್ರ. ಅದರ ಕೊನೆಯ ಪದ "ಕ್ಷೇತ್ರಿಕವತ್". ಕ್ಷೇತ್ರಿಕ ಅಂದರೆ ಹೊಲಗದ್ದೆ ಮಾಡುವವನು, ರೈತ. ರೈತನ ಹಾಗೆ, ಅಂತ ಅರ್ಥ. ಅಷ್ಟು ದೊಡ್ಡ ಶಾಸ್ತ್ರದ ನಡುವೆ ನಮ್ಮ ಮಂಡ್ಯದ ರೈತ ಬಂದು ನಿಂತ ಹಾಗೆ ನನಗೆ ಕಂಡಿತು.

ಯೋಗಸೂತ್ರಕ್ಕೆ ಇರುವ ಹಳೆಯ ವ್ಯಾಖ್ಯಾನ ವ್ಯಾಸಭಾಷ್ಯ ಅದನ್ನು ಬಿಡಿಸಿ ಹೇಳುತ್ತದೆ. ಒಂದು ಗದ್ದೆ ತುಂಬಿದೆ. ಪಕ್ಕದ್ದು ಅದೇ ಮಟ್ಟದ್ದೋ, ತಗ್ಗಿನದೋ ಇದೆ. ಅದಕ್ಕೆ ನೀರು ಕಟ್ಟಬೇಕು. ರೈತ ಏನು ಮಾಡುತ್ತಾನೆ? ಬೊಗಸೆಯಲ್ಲಿ ನೀರು ಎತ್ತಿ ಹಾಕುತ್ತಾನಾ? ಇಲ್ಲ. ಅಡ್ಡ ಇರುವ ಮಣ್ಣನ್ನು ಒಡೆಯುತ್ತಾನೆ. ನೀರು ತಾನೇ ಹರಿಯುತ್ತದೆ. ಭಾಷ್ಯ ಅಲ್ಲಿಗೂ ನಿಲ್ಲುವುದಿಲ್ಲ. ಅದೇ ರೈತ ಪೈರಿನ ಬೇರಿನೊಳಗೆ ಸಾರ ತುಂಬಲಾರ. ಅವನ ಕೈಲಾಗುವುದು ಕಳೆ ಕೀಳುವುದು. ಕಳೆ ಕಿತ್ತ ಮೇಲೆ ಸಾರ ತಾನಾಗಿ ಬೇರಿಗೆ ಇಳಿಯುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಆ ಸೂತ್ರದ ಸಂದರ್ಭ ಬೇರೆ. ಒಂದು ಹುಟ್ಟಿನಿಂದ ಇನ್ನೊಂದು ಹುಟ್ಟಿಗೆ ಪ್ರಕೃತಿ ಹೇಗೆ ಬದಲಾಗುತ್ತದೆ, ಅದರಲ್ಲಿ ಧರ್ಮದ ಪಾತ್ರ ಎಷ್ಟು ಅಂತ ಅಲ್ಲಿ ಚರ್ಚೆ. ನಾನು ಹೋಲಿಕೆಯನ್ನು ಮಾತ್ರ ಎತ್ತಿಕೊಂಡು ನನ್ನ ಬದುಕಿಗೆ ಹಚ್ಚುತ್ತಿದ್ದೇನೆ. ಆದರೆ ಮನಸ್ಸನ್ನು ನೀರಿನ ಹಾಗೆ ನೋಡುವುದು ಅದೇ ಭಾಷ್ಯದಲ್ಲಿ ಬೇರೆ ಕಡೆ ಇದೆ. ಮೊದಲನೇ ಪಾದದಲ್ಲಿ ಚಿತ್ತ ಅನ್ನುವುದು ಎರಡು ಕಡೆಗೂ ಹರಿಯುವ ನದಿ ಅನ್ನುತ್ತದೆ. ಒಳ್ಳೆಯದಕ್ಕೂ ಹರಿಯುತ್ತದೆ, ಕೆಟ್ಟದ್ದಕ್ಕೂ ಹರಿಯುತ್ತದೆ. ವೈರಾಗ್ಯದಿಂದ ಒಂದು ಕಡೆ ಕಟ್ಟಬೇಕು, ಅಭ್ಯಾಸದಿಂದ ಇನ್ನೊಂದು ಕಡೆ ತೆರೆಯಬೇಕು. ನಮ್ಮ ನಾಲೆಯ ಸೌಡಿ ಮಾಡುವ ಕೆಲಸ ಇದು. ಒಂದು ತೂಬು ಮುಚ್ಚಿ ಇನ್ನೊಂದು ತೂಬು ಎತ್ತುತ್ತಾನೆ. ನೀರನ್ನು ಅವನು ಹುಟ್ಟಿಸುವುದಿಲ್ಲ.

ಇಷ್ಟು ದಿನ ನಾನು ಶಾಂತಿಯನ್ನು ಬೊಗಸೆಯಲ್ಲಿ ತಂದು ಸುರಿಯುತ್ತಿದ್ದೆ. ಮೇಲುಕೋಟೆಯಿಂದ ಒಂದು ಬೊಗಸೆ, ಪಾರಾಯಣದಿಂದ ಒಂದು ಬೊಗಸೆ. ಅಡ್ಡ ಇದ್ದ ಮಣ್ಣು ಹಾಗೇ ಇತ್ತು. ಆ ಮಣ್ಣು ಯಾವುದು? "ನಾನು ಸರಿ." ನನ್ನ ವಿಷಯದಲ್ಲಿ ಇದೇ ಎರಡು ಪದ. ಎರಡಡಿ ಜಾಗದಲ್ಲಿ ಎಷ್ಟು ಭತ್ತ ಬೆಳೆಯುತ್ತದೆ ಹೇಳಿ? ನನಗೆ ಬೇಕಾಗಿದ್ದದ್ದು ಭತ್ತ ಅಲ್ಲ. ನಾನೇ ಸರಿ ಅಂತ ಅಣ್ಣ ಒಪ್ಪಿಕೊಳ್ಳಬೇಕಿತ್ತು, ಊರು ನೋಡಬೇಕಿತ್ತು.

ನಿಮ್ಮ ಮಣ್ಣು ಬೇರೆ ಇರಬಹುದು. ಒಬ್ಬರಿಗೆ ಭಯ, ಒಬ್ಬರಿಗೆ ಹಳೆಯ ಅವಮಾನ, ಒಬ್ಬರಿಗೆ ಮಕ್ಕಳು ಹೀಗೇ ಇರಬೇಕು ಅನ್ನುವ ಹಟ. ಇನ್ನೊಬ್ಬರು ಬಂದು ತೋರಿಸಿದರೆ ಕಾಣುವುದಿಲ್ಲ, ಸಿಟ್ಟು ಬರುತ್ತದೆ. ತಾನೇ ಕೂತು ನೋಡಬೇಕು.

ಕೂತು ನೋಡುವುದು ಅಂದರೇನು, ಅದನ್ನು ಹೇಳುತ್ತೇನೆ. ಧ್ಯಾನ ಅಂದ ತಕ್ಷಣ ಮನಸ್ಸು ಖಾಲಿಯಾಗಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎರಡು ದಿನ ಕೂರುತ್ತಾರೆ, ಯೋಚನೆ ಜಾಸ್ತಿಯಾಯಿತು ಅಂತ ಬಿಡುತ್ತಾರೆ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನನೇ ಇದನ್ನು ಹೇಳುತ್ತಾನಲ್ಲ, ಮನಸ್ಸನ್ನು ಹಿಡಿಯುವುದು ಗಾಳಿ ಹಿಡಿದ ಹಾಗೆ ಅಂತ. ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ. ಹೌದು, ಕಷ್ಟವೇ ಅನ್ನುತ್ತಾನೆ. ಅದಕ್ಕೂ ಮೊದಲು, 26ನೇ ಶ್ಲೋಕದಲ್ಲಿ, ಮಾಡಬೇಕಾದ ಕೆಲಸ ಹೇಳಿಯಾಗಿದೆ. "ಯತೋ ಯತೋ ನಿಶ್ಚರತಿ ಮನಶ್ಚಂಚಲಮಸ್ಥಿರಂ, ತತಸ್ತತೋ ನಿಯಮ್ಯೈತದಾತ್ಮನ್ಯೇವ ವಶಂ ನಯೇತ್." ಎಲ್ಲೆಲ್ಲಿಂದ ಆಚೆ ಹೋಗುತ್ತದೋ ಅಲ್ಲಲ್ಲಿಂದ ವಾಪಸ್ ತಾ.

ನಮ್ಮಪ್ಪ ಗದ್ದೆಗೆ ನೀರು ಕಟ್ಟಿ ಮನೆಗೆ ಬಂದು ಮಲಗುತ್ತಿರಲಿಲ್ಲ. ಬದುವಿನ ಮೇಲೆ ನಡೆಯುತ್ತಿದ್ದರು. ಏಡಿ ತೂತು ನೋಡಬೇಕಲ್ಲ. ಏಡಿ ಬದುವಿನಲ್ಲಿ ಬಿಲ ತೋಡಿಬಿಟ್ಟರೆ ರಾತ್ರಿಯೆಲ್ಲಾ ಕಟ್ಟಿದ ನೀರು ಬೆಳಗಾಗುವಷ್ಟರಲ್ಲಿ ಸೋರಿಹೋಗಿರುತ್ತದೆ. ಅಪ್ಪ ಬಗ್ಗಿ ಒಂದು ಹಿಡಿ ಕೆಸರು ತೆಗೆದು ತೂತಿಗೆ ಒತ್ತಿ, ಕಾಲಿನಿಂದ ತುಳಿದು ಮುಂದೆ ಹೋಗುತ್ತಿದ್ದರು. ಏಡಿಗೆ ಬೈಯುತ್ತಿರಲಿಲ್ಲ. ಈ ಬದುವೇ ಸರಿಯಿಲ್ಲ ಅಂತ ಕೂತು ಕೊರಗುತ್ತಿರಲಿಲ್ಲ. ಮಾರನೇ ದಿನ ಇನ್ನೊಂದು ತೂತು. ಮತ್ತೆ ಒಂದು ಹಿಡಿ ಕೆಸರು. ನಾನು ಹುಡುಗನಾಗಿ ಲಾಟೀನು ಹಿಡಿದು ಹಿಂದೆ ನಡೆಯುತ್ತಿದ್ದೆ. ಆ ಶ್ಲೋಕಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಎಲ್ಲೂ ಓದಿಲ್ಲ. ಅಪ್ಪನಿಗೆ ಗೀತೆ ಬರುತ್ತಿರಲಿಲ್ಲ.

ನಾನು ಈಗ ಬೆಳಿಗ್ಗೆ ಇಪ್ಪತ್ತು ನಿಮಿಷ ಜಗುಲಿಯ ಮೇಲೆ ಕೂರುತ್ತೇನೆ. ಉಸಿರು ನೋಡುತ್ತೇನೆ, ನಾಮ ಹೇಳಿಕೊಳ್ಳುತ್ತೇನೆ. ಮನಸ್ಸು ಹೋಗುತ್ತದೆ. ಹೋಗಿದೆ ಅಂತ ಗೊತ್ತಾದ ತಕ್ಷಣ ವಾಪಸ್ ತರುತ್ತೇನೆ. ಒಂದು ದಿನ ಐದು ಸಲ, ಇನ್ನೊಂದು ದಿನ ಐವತ್ತು ಸಲ. ಐವತ್ತು ಸಲ ಹೋದ ದಿನ ಕೆಟ್ಟ ದಿನ ಅಂತ ಮೊದಲು ಬೇಜಾರಾಗುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ, ಐವತ್ತು ತೂತು ಮುಚ್ಚಿದ ದಿನ ಅದು. ಹಗಲಿನಲ್ಲೂ ಇದೇ ಕೆಲಸ. ಯಾರೋ ವಾಟ್ಸಾಪಿನಲ್ಲಿ ಚುಚ್ಚಿ ಬರೆದರು ಅಂತ ಇಟ್ಟುಕೊಳ್ಳಿ. ಬೆರಳು ಓಡುತ್ತದೆ. ಆಗ ಒಂದು ಲೋಟ ನೀರು ಕುಡಿದು ಬರುತ್ತೇನೆ. ಬಂದ ಮೇಲೆ ಉತ್ತರ ಬರೆಯಬೇಕು ಅನ್ನಿಸಿದರೆ ಬರೆಯುತ್ತೇನೆ. ಸುಮಾರು ಸಲ ಅನ್ನಿಸುವುದಿಲ್ಲ.

ಇನ್ನು ಆತ್ಮದ ಮಾತು. ಇದನ್ನು ಜಾಸ್ತಿ ಎಳೆಯುವುದಿಲ್ಲ, ಮಾತಿಗೆ ಸಿಕ್ಕುವುದು ಕಡಿಮೆ. ಹತ್ತು ಜನ ಹೊಳೆ ದಾಟಿದ ಕಥೆ ನಿಮಗೆ ಗೊತ್ತು. ಆಚೆ ದಡದಲ್ಲಿ ಒಬ್ಬೊಬ್ಬನೂ ಎಣಿಸುತ್ತಾನೆ, ಒಂಬತ್ತೇ ಜನ ಸಿಗುತ್ತಾರೆ. ಒಬ್ಬ ಹೊಳೆಪಾಲಾದ ಅಂತ ಗೋಳಾಡುತ್ತಾರೆ. ದಾರಿಯಲ್ಲಿ ಹೋಗುವವನು ಬಂದು, ಎಣಿಸುತ್ತಿದ್ದವನ ಎದೆ ಮುಟ್ಟಿ, "ಹತ್ತನೆಯವನು ನೀನೇ" ಅನ್ನುತ್ತಾನೆ. ಮಕ್ಕಳಿಗೆ ನಗುವ ಕಥೆ. ಆದರೆ ಶಂಕರರು ಉಪದೇಶ ಸಾಹಸ್ರಿಯಲ್ಲಿ ಈ ಹತ್ತನೆಯವನನ್ನು ತರುತ್ತಾರೆ. ವಿದ್ಯಾರಣ್ಯರು ಪಂಚದಶಿಯಲ್ಲಿ ಇದನ್ನೇ ಹಿಡಿದು ವಿಸ್ತಾರವಾಗಿ ಬಿಡಿಸುತ್ತಾರೆ. ಹತ್ತನೆಯವನನ್ನು ಯಾರೂ ಹೊಸದಾಗಿ ಕರೆದು ತರಲಿಲ್ಲ. ಅವನು ಅಳುತ್ತಿದ್ದಾಗಲೂ ಅಲ್ಲೇ ಇದ್ದ. ತನ್ನನ್ನು ಬಿಟ್ಟು ಎಣಿಸಿದ್ದ.

ಬೆಳಿಗ್ಗೆ ಕೂತಾಗ ಕೆಲವು ಸಲ ನನಗೆ ಇದು ಹತ್ತಿರ ಬಂದ ಹಾಗೆ ಆಗುತ್ತದೆ. ಸಿಟ್ಟು ಬರುತ್ತದೆ, ಅದು ಕಾಣುತ್ತದೆ. ಭಯ ಬರುತ್ತದೆ, ಅದೂ ಕಾಣುತ್ತದೆ. ಕಾಣುತ್ತಿದೆ ಅಂದ ಮೇಲೆ ನೋಡುವವನು ಒಬ್ಬ ಇರಬೇಕಲ್ಲ? ಸಿಟ್ಟು ಹೋದ ಮೇಲೂ ಆ ನೋಡುವುದು ಇರುತ್ತದೆ. ಅದಕ್ಕೆ ಎರಡಡಿ ಬದು ಬೇಕಾಗಿಲ್ಲ, ಊರಿನ ಒಪ್ಪಿಗೆ ಬೇಕಾಗಿಲ್ಲ. ಒಂದು ಗಳಿಗೆ ಇರುತ್ತದೆ, ಆಮೇಲೆ ಹಾಲಿನವನು ಬೆಲ್ ಮಾಡುತ್ತಾನೆ. ನನಗೆ ಆತ್ಮಸಾಕ್ಷಾತ್ಕಾರ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆ ಒಂದು ಗಳಿಗೆಯ ರುಚಿ ಹತ್ತಿದ ಮೇಲೆ ಹುಡುಕುವ ದಿಕ್ಕು ಬದಲಾಯಿತು, ಇಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಒಂದು ವಿಷಯ ಮರೆಯಬಾರದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸಾಲದ ಚಿಂತೆಯಲ್ಲಿ ಬದುಕೇ ಬೇಡ ಅನ್ನಿಸುತ್ತಿದೆ. ಅಂಥವರಿಗೆ ಧ್ಯಾನ ಮಾಡು ಅಂತ ಬುದ್ಧಿ ಹೇಳಿ ಕಳಿಸಬೇಡಿ. ಅದು ಕಾಯಿಲೆ, ವೈದ್ಯರು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳು ಅತ್ತಿವೆ ಅಂತ ನಿಮಗೇ ಗೊತ್ತು. ನಂಬರ್ ಬರೆದುಕೊಳ್ಳಿ. ಪಕ್ಕದಲ್ಲಿ ಕೂತು ನೀವೇ ಫೋನ್ ಹಚ್ಚಿಕೊಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಹೆಗಲ ಮೇಲೆ ಹಸಿರು ಟವೆಲ್ ಹಾಕಿದ್ದ ಹಿರಿಯರೊಬ್ಬರು ಎದ್ದು ನಿಂತು, "ಮೇಷ್ಟ್ರೇ, ಎಲ್ಲಾ ಸರಿ. ಅನ್ಯಾಯ ಆದ್ರೂ ಸುಮ್ನೆ ಕೂರಬೇಕಾ? ನೀರಿಗಾಗಿ ನಾವು ರಸ್ತೆಗೆ ಇಳಿದಿದ್ದು ತಪ್ಪಾ?" ಅಂದರು. ಇಡೀ ಸಂಜೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಗೀತೆ ಹುಟ್ಟಿದ್ದೇ ಯುದ್ಧಭೂಮಿಯಲ್ಲಿ. ಅರ್ಜುನ ಬಿಲ್ಲು ಕೆಳಗಿಟ್ಟಾಗ ಕೃಷ್ಣ ಭೇಷ್ ಅನ್ನಲಿಲ್ಲ. ಮೂರನೇ ಅಧ್ಯಾಯದಲ್ಲಿ "ಯುಧ್ಯಸ್ವ ವಿಗತಜ್ವರಃ" ಅಂದ. ಜ್ವರ ಬಿಟ್ಟು ಹೋರಾಡು. ನೀರು ಕೇಳಿ, ಬೆಲೆ ಕೇಳಿ, ಕೋರ್ಟಿಗೂ ಹೋಗಿ. ಜ್ವರ ಮಾತ್ರ ಬೇಡ. ನನ್ನ ಕೇಸಿನಲ್ಲಿ ನನಗೆ ಇದ್ದದ್ದು ಬರೀ ಜ್ವರ. ಅವರು ಆ ಪದವನ್ನು ಎರಡು ಸಲ ಹೇಳಿಸಿಕೊಂಡರು. ಕೈಯಲ್ಲಿದ್ದ ಆಹ್ವಾನ ಪತ್ರಿಕೆಯ ಹಿಂದೆ ಬರೆದುಕೊಂಡರು.

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳು, ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ ಬಸ್ ಹಿಡಿಯಬೇಕು, ಇಪ್ಪತ್ತು ನಿಮಿಷ ಎಲ್ಲಿಂದ ತರಲಿ ಅಂತ ಕೇಳಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ ದಿನ ಐದು ನಿಮಿಷ ಸಾಕಮ್ಮ ಅಂದೆ. "ಸ್ವಲ್ಪಮಪ್ಯಸ್ಯ ಧರ್ಮಸ್ಯ ತ್ರಾಯತೇ ಮಹತೋ ಭಯಾತ್" ಅಂತ ಗೀತೆಯೇ ಹೇಳಿದೆ. ಸ್ವಲ್ಪ ಮಾಡಿದರೂ ದೊಡ್ಡ ಭಯದಿಂದ ಕಾಯುತ್ತದೆ. ಜೊತೆಗೆ ಇನ್ನೊಂದು ಮಾತು ಹೇಳಿದೆ, ಅಲ್ಲಿದ್ದ ಗಂಡಸರಿಗೆ. ಮನೆಯಲ್ಲಿ ಹೆಂಗಸರಿಗೆ ಇಪ್ಪತ್ತು ನಿಮಿಷ ಸಿಗುತ್ತಿಲ್ಲ ಅಂದರೆ ಅಡ್ಡ ಇರುವ ಮಣ್ಣು ನಾವೇ. ಒಂದು ದಿನ ಬೆಳಗಿನ ಅಡುಗೆ ನೀವು ಮಾಡಿ.

ಕೊನೆಗೆ ಕಾಲೇಜು ಹುಡುಗನೊಬ್ಬ ಸಂಕೋಚದಿಂದ ಕೇಳಿದ. "ಸರ್, ನಿಮ್ಮ ಅಣ್ಣ ಈಗ ಮಾತಾಡ್ತಾರಾ?"

ಕೇಸು ರಾಜಿಯಾಯಿತು. ನಾನೇ ಹೋಗಿ ಕೇಳಿದೆ. ಬದು ಎಲ್ಲಿತ್ತೋ ಅಲ್ಲೇ ಇದೆ, ಅಣ್ಣ ಹೇಳಿದ ಜಾಗದಲ್ಲಿ. ಮದುವೆಗೆ ಹೋಗದಿದ್ದ ನೋವು ಅವನಿಗೆ ಇನ್ನೂ ಇದೆ, ಇರಲೇಬೇಕು. ಮಾತು ಕಡಿಮೆ. ಹೋದ ವರ್ಷ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಲೆಕ್ಕದಲ್ಲಿ, ನಾಲೆಗೆ ನೀರು ಬಿಟ್ಟಾಗ ನಮ್ಮ ಸರದಿ ಮಧ್ಯರಾತ್ರಿ ಬಂತು. ನಾನು ಟಾರ್ಚ್ ಹಿಡಿದು ಹೋದೆ. ಆ ಕಡೆಯಿಂದ ಇನ್ನೊಂದು ಟಾರ್ಚ್ ಬರುತ್ತಿತ್ತು. ಬದುವಿನ ಮೇಲೆ ನಿಂತು ಅಣ್ಣ ಅಂದ, "ನಿನ್ ಕಡೆ ಏಡಿ ತೂತು ಬಿದ್ದದೆ, ನೋಡ್ಕೊ." ನಾನು ಬಗ್ಗಿದೆ. ಅವನೂ ಬಗ್ಗಿ ಒಂದು ಹಿಡಿ ಕೆಸರು ಕೊಟ್ಟ.